ಕ್ಯಾಸನೂರಿನ ಉಣುಗು, ಪುಣೆಯ ಪ್ರಯೋಗಶಾಲೆ

ಉಣ್ಣೆ ಎಂದೊಡನೆ ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನೆನಪಾಗುವುದು ಚಳಿಗಾಲದ ಸ್ವೆಟರು. ದನದ ಕಿವಿಯೊಳಗೆ, ನಾಯಿಯ ಕೊರಳಿನಲ್ಲಿ, ಆಕಳ ಕೆಚ್ಚಲಿನ ಸಂದಿನಲ್ಲಿ ಕಚ್ಚಿ ಹಿಡಿದು ಹರಳುಬೀಜದಂತೆ ಉಬ್ಬಿರುವ ಇನ್ನೊಂದು ಉಣ್ಣೆಯೂ ಉಂಟೆಂದು ಅವರಿಗೆ ತಿಳಿಯಹೇಳಬೇಕಾದರೆ ಮರಾಠಿಯ ‘ಗೋಚೀಡ’ ಎಂಬ ಮಾತನ್ನೇ ಸಾಲ ತರಬೇಕಾಗುತ್ತದೆ. ಮಲೆನಾಡಿನವರು ಈ ಗೊಂದಲಕ್ಕೆ ಎಡೆಗೊಡದೆ ಅದನ್ನು ಉಣುಗು ಎನ್ನುತ್ತಾರೆ. ನಾವೂ ಇಲ್ಲಿ ಆ ಹೆಸರನ್ನೇ ಇಟ್ಟುಕೊಳ್ಳುತ್ತೇವೆ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಹೊಯ್ಸಳರ ಶಿಲ್ಪವನ್ನೂ ವಿಜಯನಗರದ ವೈಭವವನ್ನೂ ಬಿಟ್ಟು ಇದೇನು ಉಣುಗಿನ ಪುರಾಣ ಎಂದು ವಾಚಕರು ಹುಬ್ಬೇರಿಸಬಹುದು. ಅದಕ್ಕೆ ನಮ್ಮಲ್ಲಿ ಎರಡು ಸಮಾಧಾನಗಳಿವೆ. ಮೊದಲನೆಯದು, ಕನ್ನಡ ನಾಡಿಗೂ ಈ ಪುಣೆಗೂ ಇರುವ ನಂಟುಗಳನ್ನು ಎಣಿಸುವಾಗ ಪೇಶ್ವೆಯರ ದಂಡಯಾತ್ರೆಗಳನ್ನೂ ಸಂಗೀತದ ದಿಗ್ಗಜರನ್ನೂ ನೆನೆಯುವ ನಾವು, ಸೊರಬದ ಕಾಡಿನಿಂದ ಪುಣೆ ರೈಲು ನಿಲ್ದಾಣದ ಸಮೀಪದ ಒಂದು ಪ್ರಯೋಗಶಾಲೆಯವರೆಗೆ ಹಬ್ಬಿದ ನಂಟನ್ನು ಮರೆತೇ ಬಿಟ್ಟಿದ್ದೇವೆ. ಎರಡನೆಯದನ್ನು ಲೇಖನದ ಕೊನೆಗೆ ಹೇಳುತ್ತೇವೆ. ಅದು ಈ ಸಂಚಿಕೆ ಕೈಸೇರಿದ ಮೇಲೆ ಊರಿಗೆ ಹೊರಡುವವರಿಗೆ ಸಂಬಂಧಿಸಿದ್ದು.

೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಕೂಡಿ ವಿಶಾಲ ಮೈಸೂರು ರಾಜ್ಯವಾಯಿತು. ಆ ಸಂಭ್ರಮದ ತೋರಣ ಒಣಗುವ ಹೊತ್ತಿಗೆ, ಎಂದರೆ ೧೯೫೭ರ ಮೊದಲ ತಿಂಗಳುಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮಂಗಗಳು ಸಾಯತೊಡಗಿದವು. ಸೊರಬದ ಕಾನುಗಳನ್ನು ನೋಡಿದವರಿಗೆ ಆ ಸೀಮೆಯ ಚಿತ್ರ ಕಣ್ಣಿಗೆ ಕಟ್ಟೀತು. ಗದ್ದೆ ಬಯಲುಗಳ ನಡುವೆ ದ್ವೀಪಗಳಂತೆ ನಿಂತ ದಟ್ಟ ಹಸುರಿನ ಮರಗಳ ಗುಂಪು, ಅದರ ಅಂಚಿಗೆ ಸೊಪ್ಪಿನ ಬೆಟ್ಟ, ಅದರ ಕೆಳಗೆ ಅಡಕೆ ತೋಟ, ತೋಟದ ತಲೆಯಲ್ಲಿ ಮನೆ ಮತ್ತು ಕೊಟ್ಟಿಗೆ. ಇಂಥ ಊರುಗಳಲ್ಲಿ ಒಂದು ಕ್ಯಾಸನೂರು. ಕೊಯ್ಲು ಮುಗಿಸಿದ ರೈತರು ಸೌದೆಗೂ ಸೊಪ್ಪಿಗೂ ತರಗೆಲೆಗೂ ಕಾಡು ಹತ್ತುವ ಕಾಲ ಅದು. ಮರದ ಕೆಳಗೆ ಕಪ್ಪು ಮೋರೆಯ ಮುಸುವಗಳೂ ಮಂಗಗಳೂ ಸತ್ತು ಬಿದ್ದಿದ್ದುದನ್ನು ಅವರು ಕಂಡರು. ಕೆಲವೇ ದಿನಗಳಲ್ಲಿ ಆ ಕಾಡಿಗೆ ಹೋಗಿ ಬಂದವರಿಗೆ ಚಳಿ, ಏರಿದ ಜ್ವರ, ತಲೆ ಸಿಡಿಯುವಂಥ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಹಿಂಡುವಂಥ ಸಂಕಟ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಹಾಸಿಗೆ ಹಿಡಿದವರಲ್ಲಿ ಕೆಲವರು ಏಳಲೇ ಇಲ್ಲ.

ಊರವರು ಇದಕ್ಕೆ ಮಂಗನ ಕಾಯಿಲೆ ಎಂದು ಹೆಸರಿಟ್ಟರು. ಈ ಹೆಸರನ್ನು ನಾವು ಸಾಮಾನ್ಯವೆಂದು ತಳ್ಳಿಬಿಡಬಾರದು. ಮಂಗ ಸಾಯುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ಸಂಬಂಧವಿದೆ ಎಂಬ ನಿರ್ಣಯ ಆ ಹೆಸರಿನಲ್ಲೇ ಅಡಗಿದೆ. ಯಾವ ಸೂಕ್ಷ್ಮದರ್ಶಕವೂ ಇಲ್ಲದೆ, ದಿನವೂ ಕಾಡಿನೊಡನೆ ಒಡನಾಡುವವರ ಕಣ್ಣು ಮಾಡಿದ ನಿರ್ಣಯ ಅದು. ಪಂಡಿತರು ಮುಂದೆ ಮಾಡಿದ್ದೆಲ್ಲ ಆ ಸಂಬಂಧದ ನಡುವೆ ನಿಂತ ಮೂರನೆಯವನನ್ನು ಹುಡುಕಿದ ಕೆಲಸ.

ಮಂಗಗಳ ಸಾವಿನ ಸುದ್ದಿ ಪುಣೆಗೆ ತಲುಪಿದಾಗ ಇಲ್ಲಿ ಹುಟ್ಟಿದ ಗಾಬರಿಗೆ ಕಾರಣ ಬೇರೆಯೇ ಇತ್ತು. ೧೯೫೨ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವನ್ನು ತೆರೆದಿದ್ದವು. ಇಂದು ಅಂಬೇಡ್ಕರ್ ರಸ್ತೆಯಲ್ಲಿರುವ, ೧೯೭೮ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಕರೆಯಿಸಿಕೊಳ್ಳುತ್ತಿರುವ ಸಂಸ್ಥೆಯೇ ಅದು. ಸೊಳ್ಳೆ, ಉಣುಗು ಮೊದಲಾದ ಜೀವಿಗಳ ಮೂಲಕ ಹರಡುವ ವೈರಸ್ಸುಗಳ ಅಧ್ಯಯನ ಅದರ ಮುಖ್ಯ ಕೆಲಸ. ಮಂಗಗಳು ಕಾಡಿನಲ್ಲಿ ರಾಶಿ ರಾಶಿಯಾಗಿ ಸಾಯುವುದೆಂದರೆ ಅಂದಿನ ವೈರಸ್ ಶಾಸ್ತ್ರಜ್ಞರಿಗೆ ತಟ್ಟನೆ ಹೊಳೆಯುತ್ತಿದ್ದುದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬರುವ ಮುನ್ಸೂಚನೆಯೇ ಮಂಗಗಳ ಸಾವು. ಏಷ್ಯಾ ಖಂಡಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರೂರಿನ ನೀರಿನ ತೊಟ್ಟಿಗಳಲ್ಲಿ ಹೇರಳವಾಗಿತ್ತು. ಆ ಬೆಂಕಿ ಈ ಮದ್ದಿನ ಮನೆಗೆ ಬಿದ್ದಿತೆಂದರೆ ಗತಿಯೇನು?

ಕೇಂದ್ರದ ಅಂದಿನ ಮುಖ್ಯಸ್ಥ ಡಾ. ಟೆಲ್ಫರ್ಡ್ ವರ್ಕ್, ಪನಾಮಾದ ಕಾಡುಗಳಲ್ಲಿ ನುರಿತಿದ್ದ ಡಾ. ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ಭಾರತೀಯ ಸಹಾಯಕರು ಸೊರಬಕ್ಕೆ ಧಾವಿಸಿದರು. ಮಾರ್ಚ್ ತಿಂಗಳಲ್ಲಿ ಕ್ಯಾಸನೂರಿನ ಕಾಡಿನ ಮಂಗವೊಂದರಿಂದ ತೆಗೆದ ಮಾದರಿಯಲ್ಲಿ ವೈರಸ್ಸು ಸಿಕ್ಕಿತು. ರೋಗಿಗಳ ರಕ್ತದಲ್ಲೂ ಅದೇ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ ಎಂದು ತಿಳಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಒಂದು ಒಗಟು ಬಿಡಿಸುವಷ್ಟರಲ್ಲಿ ಇನ್ನೊಂದು ಎದುರಾಯಿತು. ಈ ಹೊಸ ವೈರಸ್ಸಿನ ಹತ್ತಿರದ ಬಂಧುಗಳು ಮೈಸೂರು ರಾಜ್ಯದಲ್ಲಿಯೂ ಇರಲಿಲ್ಲ, ಭಾರತದಲ್ಲಿಯೂ ಇರಲಿಲ್ಲ. ಅವು ಇದ್ದುದು ಸಾವಿರಾರು ಮೈಲಿ ಆಚೆ, ಹಿಮ ಬೀಳುವ ಸೈಬೀರಿಯದ ಕಾಡುಗಳಲ್ಲಿ!

ಆ ರಷ್ಯನ್ ರೋಗದ ಕಥೆಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಲೇಬೇಕು. ಸೋವಿಯತ್ ದೇಶದ ಪೂರ್ವದ ಅಂಚಿನಲ್ಲಿ ವಸಂತ ಮತ್ತು ಬೇಸಗೆಯ ದಿನಗಳಲ್ಲಿ ಕಾಡಿಗೆ ಹೋದವರಿಗೆ ಮಿದುಳಿನ ಬಾವು ಬಂದು ಸಾಯುತ್ತಿದ್ದರು. ೧೯೩೭ರಲ್ಲಿ ಲೆವ್ ಝಿಲ್ಬರ್ ಎಂಬ ಶಾಸ್ತ್ರಜ್ಞನ ನೇತೃತ್ವದ ತಂಡವೊಂದು ಅಲ್ಲಿಗೆ ಹೋಗಿ, ರೋಗಕ್ಕೆ ವೈರಸ್ಸು ಕಾರಣವೆಂದೂ ಅದನ್ನು ಮನುಷ್ಯನಿಗೆ ಹತ್ತಿಸುವುದು ಕಾಡಿನ ಉಣುಗೆಂದೂ ಕಂಡುಹಿಡಿಯಿತು. ಈ ವಿದ್ಯೆಗೆ ತೆತ್ತ ಬೆಲೆ ಸಣ್ಣದಲ್ಲ. ತಂಡದ ತರುಣ ವೈದ್ಯ ಮಿಖಾಯಿಲ್ ಚುಮಕೋವ್ ತಾನೇ ರೋಗಕ್ಕೆ ಸಿಕ್ಕಿ, ಬದುಕಿ ಉಳಿದನಾದರೂ ಕಿವಿಯ ಶಕ್ತಿಯನ್ನೂ ಬಲಗೈಯ ಚಲನೆಯನ್ನೂ ಕಳೆದುಕೊಂಡ. ಅವನೇ ಮುಂದೆ ಪೋಲಿಯೋ ಲಸಿಕೆಯ ಕೆಲಸದಲ್ಲಿ ಜಗತ್ಪ್ರಸಿದ್ಧನಾದ. ಝಿಲ್ಬರನಿಗೆ ಅದೇ ವರ್ಷ ದೊರೆತ ಬಹುಮಾನವೆಂದರೆ ಸ್ಟಾಲಿನ್ನನ ಸೆರೆಮನೆ. ಇರಲಿ.

ಸೈಬೀರಿಯದ ನೆಂಟ ಸೊರಬಕ್ಕೆ ಹೇಗೆ ಬಂದ? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ಹಕ್ಕಿಗಳ ರೆಕ್ಕೆಯ ಸಂದಿನಲ್ಲಿ ಉಣುಗಾಗಿ ಬಂದಿರಬಾರದೇಕೆ ಎಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ಮುಂದಾಳುತನದಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಮೈಮೇಲಿನ ಉಣುಗುಗಳನ್ನು ಆರಿಸಿ, ಕಾಲಿಗೆ ಉಂಗುರ ತೊಡಿಸಿ ಬಿಡುವ ಮಹಾಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಅಪವಾದವೇನೋ ರುಜುವಾಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಉಂಗುರಗಳ ಕಾಣಿಕೆ. ವೈರಸ್ಸು ಹೊರಗಿನಿಂದ ಹೊಸದಾಗಿ ಬಂದುದಲ್ಲ, ಸಹ್ಯಾದ್ರಿಯ ಕಾಡಿನಲ್ಲೇ ಇಲಿ ಹೆಗ್ಗಣಗಳಿಗೂ ಉಣುಗಿಗೂ ನಡುವೆ ಬಹುಕಾಲದಿಂದ ಸದ್ದಿಲ್ಲದೆ ಸುತ್ತುತ್ತಿದ್ದುದೇ ಇರಬೇಕು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

ರಷ್ಯನ್ ಬಂಧುತ್ವದಿಂದ ಮಾತ್ರ ಒಂದು ಉಪಕಾರವಾಯಿತು. ಹುಡುಕಬೇಕಾದದ್ದು ಸೊಳ್ಳೆಯನ್ನಲ್ಲ, ಉಣುಗನ್ನು ಎಂಬ ದಾರಿ ಕಂಡಿತು.

ಉಣುಗನ್ನು ಮನುಷ್ಯ ಅನಾದಿಯಿಂದ ಬಲ್ಲ, ಅನಾದಿಯಿಂದ ಹಳಿದೂ ಇದ್ದಾನೆ. ಕೆಚ್ಚಲಿಗೇ ಅಂಟಿಕೊಂಡಿದ್ದರೂ ಹಾಲಿನ ರುಚಿಯರಿಯದ ಜೀವವೆಂದು ನಮ್ಮ ಹಿರಿಯರು ಅದನ್ನು ಮೂದಲಿಸಿದರು. ಹುಲ್ಲಿನಿಂದಲೇ ಉಣುಗು ಹುಟ್ಟುತ್ತದೆಂದು ಗ್ರೀಸಿನ ಅರಿಸ್ಟಾಟಲ್ ನಂಬಿದ್ದ. ತಿಂದದ್ದನ್ನು ಹೊರಹಾಕಲು ದಾರಿಯೇ ಇಲ್ಲದೆ ಉಬ್ಬಿ ಉಬ್ಬಿ ಸಾಯುವ ಪ್ರಾಣಿ ಎಂದು ರೋಮಿನ ಪ್ಲಿನಿ ಬರೆದಿಟ್ಟ. ಅಸಹ್ಯಪಟ್ಟವರು ಇಷ್ಟು ಮಂದಿ. ಆದರೆ ಅದು ರೋಗ ತರಬಲ್ಲುದೆಂಬುದನ್ನು ರುಜುವಾತುಪಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅದೂ ದನಗಳಲ್ಲಿ. ಆ ಪ್ರಯೋಗ ಎಷ್ಟು ಸರಳವಾದದ್ದೆಂದರೆ ಅದನ್ನು ನಮ್ಮ ಯಾವ ಗೌಳಿಗನೂ ಮಾಡಬಹುದಾಗಿತ್ತು.

ಅಮೆರಿಕದ ಟೆಕ್ಸಾಸ್ ಮೊದಲಾದ ದಕ್ಷಿಣ ಸೀಮೆಯ ದನಗಳನ್ನು ಮಾರಾಟಕ್ಕೆಂದು ಉತ್ತರಕ್ಕೆ ಹೊಡೆದುಕೊಂಡು ಹೋದಾಗಲೆಲ್ಲ, ಅವು ಹಾದುಹೋದ ಹುಲ್ಲುಗಾವಲಿನಲ್ಲಿ ಮೇದ ಉತ್ತರದ ದನಗಳು ಜ್ವರ ಬಂದು ಸಾಯುತ್ತಿದ್ದವು. ದಕ್ಷಿಣದವು ಮಾತ್ರ ಗಟ್ಟಿಮುಟ್ಟಾಗಿರುತ್ತಿದ್ದವು. ಇದು ಉಣುಗಿನ ಕಿತಾಪತಿ ಎಂದು ದನ ಕಾಯುವವರು ಹೇಳುತ್ತಿದ್ದರು. ತಿಳಿದವರು ನಗುತ್ತಿದ್ದರು. ವಾಷಿಂಗ್ಟನ್ನಿನ ಹತ್ತಿರದ ಸರಕಾರಿ ಪ್ರಯೋಗಕ್ಷೇತ್ರದಲ್ಲಿ ೧೮೮೯ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ಈ ಮಾತನ್ನು ಪರೀಕ್ಷೆಗೆ ಹಚ್ಚಿದರು. ಒಂದು ಬೇಲಿಯೊಳಗೆ ದಕ್ಷಿಣದ ದನಗಳನ್ನು ಉಣುಗಿನ ಸಮೇತ ಉತ್ತರದ ದನಗಳೊಡನೆ ಬಿಟ್ಟರು. ಇನ್ನೊಂದು ಬೇಲಿಯೊಳಗೆ ದಕ್ಷಿಣದ ದನಗಳ ಮೈಯ ಉಣುಗುಗಳನ್ನೆಲ್ಲ ಕೈಯಿಂದ ಆರಿಸಿ ಕಿತ್ತು, ಅನಂತರ ಉತ್ತರದವುಗಳೊಡನೆ ಕೂಡಿಸಿದರು. ಮೂರನೆಯದರಲ್ಲಿ ದಕ್ಷಿಣದ ದನವೇ ಇಲ್ಲ, ಹುಲ್ಲಿನ ಮೇಲೆ ಉಣುಗುಗಳನ್ನು ಮಾತ್ರ ಹರಡಿದರು. ಮೊದಲನೆಯ ಮತ್ತು ಮೂರನೆಯ ಬೇಲಿಗಳಲ್ಲಿ ಉತ್ತರದ ದನಗಳು ಜ್ವರಕ್ಕೆ ತುತ್ತಾದವು. ನಡುವಿನ ಬೇಲಿಯಲ್ಲಿ, ಎಂದರೆ ಉಣುಗು ಕಿತ್ತ ಬೇಲಿಯಲ್ಲಿ, ಅವು ನೆಮ್ಮದಿಯಾಗಿ ಮೇಯುತ್ತಿದ್ದವು.

೧೮೯೩ರಲ್ಲಿ ಈ ಸಂಶೋಧನೆಯ ಪೂರ್ಣ ವರದಿ ಅಚ್ಚಾಯಿತು. ರೋಗಬೀಜವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕಚ್ಚುವ ಕಿರುಜೀವಿಯೊಂದು ದಾಟಿಸಬಲ್ಲುದೆಂದು ದನಗಳ ವಿಷಯದಲ್ಲಿ ಖಚಿತವಾಗಿ ತೋರಿಸಿದ ಮೊದಲ ದೊಡ್ಡ ಸಾಕ್ಷ್ಯವದು. ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಬೀಜವನ್ನು ಕಂಡದ್ದು ಇದಾದ ನಾಲ್ಕು ವರ್ಷಗಳ ಮೇಲೆ, ೧೮೯೭ರಲ್ಲಿ. ಉಣುಗು ಕೀಳುವ ಕೈಕೆಲಸವೊಂದು ವೈದ್ಯಶಾಸ್ತ್ರದ ಇಷ್ಟು ದೊಡ್ಡ ಬಾಗಿಲನ್ನು ತೆರೆಯಿತೆಂಬುದು ನಮಗಂತೂ ಬಹಳ ಹಿಡಿಸಿದ ಸಂಗತಿ. ದನಗಾಹಿಗಳು ಅಲ್ಲಿ ಮೊದಲು ಹೇಳಿದರು, ಸೊರಬದ ರೈತರು ಇಲ್ಲಿ ಮೊದಲು ಹೇಳಿದರು.

ಮತ್ತೆ ಮಲೆನಾಡಿಗೆ ಬರೋಣ. ಪುಣೆಯ ಕೇಂದ್ರದವರು ಸಾಗರದಲ್ಲಿ ಒಂದು ಕ್ಷೇತ್ರ ಠಾಣೆಯನ್ನು ಹೂಡಿದರು. ಟ್ರಾಪಿಡೋ, ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದ ಹೋರ್ಹೆ ಬೊಶೆಲ್, ನಮ್ಮವರೇ ಆದ ಕೀಟಶಾಸ್ತ್ರಜ್ಞ ಟಿ. ರಾಮಚಂದ್ರ ರಾವ್, ಪಿ. ಕೆ. ರಾಜಗೋಪಾಲನ್ ಮೊದಲಾದವರು ವರ್ಷಗಟ್ಟಲೆ ಈ ಸೀಮೆಯ ಕೆಲಸದಲ್ಲಿ ತೊಡಗಿದರು. ಉಣುಗು ಹಿಡಿಯುವ ವಿಧಾನ ನೋಡಲು ಬಲು ತಮಾಷೆ. ಕೋಲಿಗೆ ಕಟ್ಟಿದ ಬಿಳಿಯ ಬಟ್ಟೆಯನ್ನು ಕಾಡಿನ ತರಗೆಲೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುವುದು, ಹತ್ತಾರು ಹೆಜ್ಜೆಗೊಮ್ಮೆ ನಿಂತು ಬಟ್ಟೆಗೆ ಅಂಟಿದ ಚುಕ್ಕೆಗಳನ್ನು ಚಿಮಟದಿಂದ ಆರಿಸಿ ಸೀಸೆಯೊಳಗೆ ಹಾಕುವುದು. ದಾರಿಹೋಕರಿಗೆ ಇವರು ಒಣಗಿಸಲು ಜಾಗ ಸಿಗದ ಅಗಸರಂತೆ ಕಂಡಿರಬೇಕು! ಆದರೆ ಇದು ಆಟದ ಕೆಲಸವಾಗಿರಲಿಲ್ಲ. ಅದೇ ಬಟ್ಟೆಗೆ ಹತ್ತುವ ಉಣುಗು ಬಟ್ಟೆ ಹಿಡಿದವನ ಕಾಲಿಗೂ ಹತ್ತುತ್ತದೆ. ಕಾಡಿನಲ್ಲಿ ಮಾತ್ರವಲ್ಲ, ಪ್ರಯೋಗಶಾಲೆಯಲ್ಲಿ ಈ ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದವರೂ ಮಂಗನ ಕಾಯಿಲೆಗೆ ಸಿಕ್ಕಿದ್ದುಂಟು. ಸೀಸೆ ತುಂಬಿಸಿದ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ಯಾವ ಪ್ರಬಂಧದ ತಲೆಯಲ್ಲೂ ಅಚ್ಚಾಗಿಲ್ಲ.

ಹೀಗೆ ಆರಿಸಿದ ಉಣುಗುಗಳಿಂದ ಮುಖ್ಯ ಅಪರಾಧಿ ಯಾರೆಂದು ತಿಳಿಯಿತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉದ್ದ ಹೆಸರಿನ ಕಾಡು ಉಣುಗು ಅದು. ಉಣುಗು ಕೀಟವೆಂದು ನಾವು ಅಂದುಕೊಂಡರೂ ಅದು ಜೇಡ ಚೇಳುಗಳ ಕುಲದ್ದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ನಡುಹರೆಯದ್ದಕ್ಕೆ ಎಂಟು ಕಾಲು, ಇನ್ನೊಮ್ಮೆ ಕುಡಿದು ಪೊರೆ ಕಳಚಿದರೆ ಪ್ರಾಯದ್ದು. ಒಂದೊಂದು ಅವಸ್ಥೆಗೂ ಒಂದೊಂದೇ ಊಟ. ಬೆಳೆದ ಉಣುಗುಗಳು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿಗಳ ಮೈ ಹತ್ತುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕುದುರಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮಳೆ ಹಿಂದಾಗುತ್ತಿದ್ದಂತೆ ಮರಿಗಳು ತರಗೆಲೆಯಲ್ಲಿ ಕಿಕ್ಕಿರಿದು ಇಲಿ, ಮಂಗ ಮೊದಲಾದವನ್ನು ಕಚ್ಚುತ್ತವೆ. ನವೆಂಬರಿನಿಂದ ಮೇ ತಿಂಗಳವರೆಗೆ ಎಳ್ಳುಕಾಳಿಗಿಂತ ದೊಡ್ಡದಲ್ಲದ ನಡುಹರೆಯದ ಉಣುಗಿನ ರಾಜ್ಯ. ಮನುಷ್ಯನಿಗೆ ರೋಗ ಹತ್ತಿಸುವುದು ಮುಖ್ಯವಾಗಿ ಇದೇ. ರೋಗದಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದವು ಅಲ್ಲೇ ಉದುರಿ ಮುಂದಿನ ಮೈಗಾಗಿ ಕಾಯುತ್ತವೆ. ಮಂಗ ಬಿದ್ದ ಜಾಗದ ಸುತ್ತ ಐವತ್ತು ಮೀಟರು ಕೀಟನಾಶಕ ಹಾಕುವ ಪದ್ಧತಿ ಬಂದದ್ದು ಇದರಿಂದ.

ಬೊಶೆಲ್ ೧೯೬೯ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇನ್ನೂ ಆಳದ ಪ್ರಶ್ನೆಯನ್ನೆತ್ತಿದ. ಕಾಡಿನಲ್ಲಿ ಹಿಂದೆಯೇ ಇದ್ದ ವೈರಸ್ಸು ೧೯೫೭ರಲ್ಲೇ ಏಕೆ ಹೊರಬಿದ್ದಿತು? ಅವನ ಉತ್ತರ ನಮ್ಮ ಕಡೆಗೇ ಬೆರಳು ತೋರಿಸುತ್ತದೆ. ಜನ ಹೆಚ್ಚಿದರು, ಕಾಡು ಕಡಿದು ಗದ್ದೆಯಾಯಿತು, ಕಾಡಿನ ಅಂಚು ಹರಿದ ಸೀರೆಯ ಸೆರಗಿನಂತೆ ಎಳೆ ಎಳೆಯಾಯಿತು, ಆ ಅಂಚಿಗೆ ದನಗಳು ಮೇಯಲು ನುಗ್ಗಿದವು. ದನಕ್ಕೆ ಈ ರೋಗ ಬಾಧಿಸದು. ಆದರೆ ಬೆಳೆದ ಉಣುಗಿಗೆ ಅದಕ್ಕಿಂತ ಒಳ್ಳೆಯ ಊಟದ ಮನೆ ಬೇರೆಯಿಲ್ಲ. ಹುಲಿ ಜಿಂಕೆಗಳ ಕಾಡಿನಲ್ಲಿ ಮಿತವಾಗಿದ್ದ ಉಣುಗು ಹೀಗೆ ಲೆಕ್ಕವಿಲ್ಲದಷ್ಟಾಯಿತು. ಮಲೆನಾಡಿನ ಬಡ ರೈತನಿಗೆ ದನವನ್ನು ಕಾಡಿಗೆ ಬಿಡಬೇಡ, ಸೊಪ್ಪು ತರಬೇಡ ಎಂದು ಹೇಳುವುದು ಸುಲಭ. ಗೊಬ್ಬರಕ್ಕೆ ಮತ್ತೇನು ಮಾಡಲಿ ಎಂದು ಅವನು ಕೇಳಿದರೆ ಪ್ರಬಂಧ ಬರೆದವರಲ್ಲಿ ಉತ್ತರವಿಲ್ಲ.

ಈಗ ಮೈಗೆ ಹತ್ತಿದ ಉಣುಗನ್ನು ತೆಗೆಯುವ ಮಾತು. ನಮ್ಮ ಬಾಲ್ಯದಲ್ಲಿ ಅಜ್ಜಿ ಸಂಜೆ ಕೊಟ್ಟಿಗೆಯಲ್ಲಿ ಕುಳಿತು ಆಕಳ ಕಿವಿ ಮಡಿಸಿ ಒಂದೊಂದೇ ಉಣುಗನ್ನು ಕಿತ್ತು ಚಿಮಣಿ ಎಣ್ಣೆಯ ಗರಟೆಯೊಳಗೆ ಹಾಕುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಮಕ್ಕಳ ಮೈಗೆ ಹತ್ತಿದರೆ ಮಾತ್ರ ಮನೆಗೊಂದು ಶಾಸ್ತ್ರ. ಒಬ್ಬರು ಸುಣ್ಣ ಹಚ್ಚೆನ್ನುವರು, ಒಬ್ಬರು ಹೊಗೆಸೊಪ್ಪಿನ ರಸ, ಮತ್ತೊಬ್ಬರು ಹರಳೆಣ್ಣೆ. ಹೊತ್ತಿದ ಬೀಡಿಯನ್ನು ಉಣುಗಿನ ಬೆನ್ನಿಗೆ ಮುಟ್ಟಿಸುವ ಸೋದರಮಾವಂದಿರು ಮಲೆನಾಡಿನ ಪ್ರತಿ ಮನೆಯಲ್ಲೂ ಇದ್ದರು. ಉಸಿರುಕಟ್ಟಿದರೆ ಅಥವಾ ಸುಟ್ಟರೆ ಅದು ತಾನಾಗಿ ಬಾಯಿ ಬಿಡುತ್ತದೆಂಬುದು ಎಲ್ಲ ಶಾಸ್ತ್ರಗಳ ಸಾರ.

ಇದರಲ್ಲಿ ನಾವು ನಾಚಬೇಕಾದದ್ದೇನೂ ಇಲ್ಲ, ಏಕೆಂದರೆ ಅಮೆರಿಕದವರ ಶಾಸ್ತ್ರವೂ ಇದೇ ಆಗಿತ್ತು. ಅಲ್ಲಿ ಸುಣ್ಣದ ಬದಲು ವ್ಯಾಸಲೀನು, ಉಗುರಿನ ಬಣ್ಣ, ಸ್ಪಿರಿಟ್ಟು; ಬೀಡಿಯ ಬದಲು ಬೆಂಕಿಕಡ್ಡಿ. ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಗ್ಲೆನ್ ನೀಡಮ್ ಎಂಬ ವಿದ್ವಾಂಸ ಈ ನಾಲ್ಕನ್ನೂ ಕಚ್ಚಿ ಹಿಡಿದ ಉಣುಗುಗಳ ಮೇಲೆ ಪ್ರಯೋಗಿಸಿ ನೋಡಿ ೧೯೮೫ರಲ್ಲಿ ಫಲಿತಾಂಶವನ್ನು ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಯಾವುದಕ್ಕೂ ಉಣುಗು ಜಗ್ಗಲಿಲ್ಲ! ಕೊನೆಗೆ ಗೆದ್ದದ್ದು ಚಿಮಟದಿಂದ ಹಿಡಿದು ನೇರವಾಗಿ ಎಳೆಯುವ ಐದನೆಯ ಉಪಾಯ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಹದಿನಾರು ವರ್ಷಗಳಾದ ಮೇಲೆ ಉಣುಗು ಕೀಳುವ ಬಗೆ ಯಾವುದೆಂದು ಯಾರೋ ಒಬ್ಬರು ಒರೆಗೆ ಹಚ್ಚಿ ನೋಡಿದರೆಂಬುದು ವಿಚಿತ್ರವಾಗಿ ತೋರುತ್ತದೆ. ಸಣ್ಣ ಕೆಲಸಗಳ ಇತಿಹಾಸವೇ ಹಾಗೆ.

ಉಣುಗು ಏಕೆ ಜಗ್ಗದೆಂಬುದಕ್ಕೆ ಅದರ ಬಾಯಿಯೇ ಕಾರಣ. ಬಾಯಿಯ ಮುಂದೆ ಈಟಿಯಂಥ ಅಂಗವಿದ್ದು ಅದಕ್ಕೆ ಹಿಮ್ಮುಖವಾದ ಮುಳ್ಳುಗಳಿವೆ, ಗಾಳದ ಕೊಕ್ಕೆಯಂತೆ. ಅದನ್ನು ಚರ್ಮದೊಳಗೆ ಇಳಿಸಿದ ಮೇಲೆ ಎಷ್ಟೋ ಜಾತಿಗಳು ಸುತ್ತಲೂ ಗಾರೆಯಂಥ ಅಂಟನ್ನು ಸುರಿಸಿ ಗಟ್ಟಿಮಾಡಿಕೊಳ್ಳುತ್ತವೆ. ಜೊಲ್ಲಿನಲ್ಲಿ ನೋವು ಮರೆಸುವ ದ್ರವ್ಯವಿರುವುದರಿಂದ ಕಚ್ಚಿದ್ದು ತಿಳಿಯುವುದಿಲ್ಲ. ಇಂಥದ್ದು ಬಾಯಿ ಬಿಡಬೇಕಾದರೆ ತಾನಾಗಿ ಮನಸ್ಸು ಮಾಡಬೇಕು. ಸುಟ್ಟರೆ, ಎಣ್ಣೆ ಹೊಯ್ದರೆ, ಹೊಟ್ಟೆಯನ್ನು ಹಿಚುಕಿದರೆ ಒಳಗಿನದನ್ನು ಗಾಯದೊಳಕ್ಕೆ ಕಾರುವ ಭಯವುಂಟು. ರೋಗವಿರುವುದು ಅಲ್ಲಿಯೇ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಮೊನೆ ಚೂಪಾದ ಚಿಮಟವನ್ನು ಚರ್ಮಕ್ಕೆ ಒತ್ತಿ ಹಿಡಿದು, ಉಣುಗಿನ ಹೊಟ್ಟೆಯನ್ನಲ್ಲ, ಅದರ ಬಾಯಿ ಚರ್ಮ ಸೇರುವ ಜಾಗವನ್ನು ಕಚ್ಚಿಸಬೇಕು. ತಿರುಚದೆ, ಜಗ್ಗದೆ, ಒಂದೇ ಹದದಲ್ಲಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಅಂಟು ಬಿಡಲು ಕೆಲವು ಕ್ಷಣ ಹಿಡಿಯುತ್ತದೆ, ಅವಸರ ಸಲ್ಲದು. ಬಾಯಿಯ ಮುರುಕು ಒಳಗುಳಿದರೆ ಸುಲಭವಾಗಿ ಬಂದಷ್ಟು ತೆಗೆದು, ಬಾರದಿದ್ದರೆ ಸೂಜಿಯಿಂದ ಕೆದಕಿ ಹುಣ್ಣು ಮಾಡಿಕೊಳ್ಳದೆ ಬಿಡಬೇಕು. ಚರ್ಮವೇ ಅದನ್ನು ಹೊರಹಾಕುತ್ತದೆ. ಚಿಮಟವಿಲ್ಲದಿದ್ದರೆ ಬೆರಳಿಗೆ ಬಟ್ಟೆಯನ್ನೋ ಕಾಗದವನ್ನೋ ಸುತ್ತಿಕೊಳ್ಳಬೇಕು. ಕಿತ್ತದ್ದನ್ನು ಎರಡು ಉಗುರುಗಳ ನಡುವೆ ಚಿಟ್ಟೆಂದು ಒಡೆಯುವುದರಲ್ಲಿ ಒಂದು ಸುಖವಿದೆಯೆಂದು ಬಲ್ಲೆವು. ಆ ಸುಖವನ್ನು ಬಿಡಬೇಕು, ಒಡೆದಾಗ ಚಿಮ್ಮುವ ರಸ ಉಗುರುಸಂದಿಗೆ ಇಳಿಯುತ್ತದೆ. ಸ್ಪಿರಿಟ್ಟಿನ ಸೀಸೆಯೊಳಗೆ ಹಾಕಿದರೆ ಸಾಕು. ಅಜ್ಜಿಯ ಗರಟೆಯೇ ಇಲ್ಲಿ ಸರಿಯಾದ ಶಾಸ್ತ್ರವಾಗಿತ್ತು, ಮಾವನ ಬೀಡಿಯಲ್ಲ. ಬಳಿಕ ಗಾಯವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು.

ಇಷ್ಟು ಮಾಡಿದರೆ ಅಪಾಯ ಕಳೆಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಉಣುಗು ತರುವ ಕೆಲವು ರೋಗಗಳಲ್ಲಿ ಬೀಜವು ದಾಟಲು ಒಂದು ದಿನಕ್ಕೂ ಮೇಲೆ ಹಿಡಿಯುತ್ತದೆ, ಬೇಗ ಕಿತ್ತವನು ಗೆದ್ದ. ಆದರೆ ರಷ್ಯನ್ ರೋಗದ ಜಾತಿಯ ವೈರಸ್ಸು ಜೊಲ್ಲಿನಲ್ಲೇ ಇರುವುದರಿಂದ ಅಷ್ಟು ಕಾಯುವುದಿಲ್ಲ. ಆದ್ದರಿಂದ ಬೇಗ ಕೀಳುವುದು ಒಳ್ಳೆಯದು, ಹತ್ತದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲೆಂದು ಡಿಎಂಪಿ ಎಂಬ ತೈಲವನ್ನು ಸರಕಾರದವರು ಬಹುಕಾಲ ಹಂಚಿದರು, ಈಚೆಗೆ ಡೆಪಾ ಎಂಬುದನ್ನು ಹಂಚುತ್ತಿದ್ದಾರೆ.

ಲಸಿಕೆಯ ಕಥೆ ಅಷ್ಟು ಸಂತೋಷದ್ದಲ್ಲ. ಮೊದಲಿಗೆ ರಷ್ಯನ್ ರೋಗದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಹಾಕಿ ನೋಡಿದರು, ಫಲಿಸಲಿಲ್ಲ. ಆಮೇಲೆ ಪುಣೆಯಲ್ಲೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನು ಬೆಳೆಸಿ, ಫಾರ್ಮಾಲಿನಿನಿಂದ ಕೊಂದು ಮಾಡಿದ ಲಸಿಕೆ ಬಂದಿತು. ಕರ್ನಾಟಕದಲ್ಲಿ ೧೯೯೦ರಿಂದ ಅದನ್ನು ಹಾಕುತ್ತ ಬಂದರು. ಅದರ ರಕ್ಷಣೆ ಬಹುದಿನ ನಿಲ್ಲದ ಕಾರಣ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು, ಚುಚ್ಚಿದ ತೋಳು ಬಹಳ ನೋಯುತ್ತಿತ್ತು, ಜನ ಎರಡನೆಯ ಸಲಕ್ಕೆ ಬರುತ್ತಿರಲಿಲ್ಲ. ಬರುಬರುತ್ತ ಅದರ ಬಲ ಕುಂದಿತೆಂದು ಕಂಡು ೨೦೨೨ರ ಸುಮಾರಿಗೆ ಅದನ್ನು ನಿಲ್ಲಿಸಿದರು. ಹೊಸದೊಂದರ ಕೆಲಸ ಅನಂತರ ಶುರುವಾಗಿದೆ.

ರೋಗವಂತೂ ತಾಲ್ಲೂಕಿನ ಗಡಿಯನ್ನು ದಾಟಿ ಬಹಳ ವರ್ಷಗಳಾದವು. ೧೯೮೨-೮೩ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ ಅದು ಬಹು ಮಂದಿಯನ್ನು ಬಲಿ ತೆಗೆದುಕೊಂಡಿತು. ೨೦೧೨ರಲ್ಲಿ ಬಂಡೀಪುರದಲ್ಲಿ, ಆಮೇಲೆ ಕೇರಳದ ವಯನಾಡಿನಲ್ಲಿ, ೨೦೧೫ರಲ್ಲಿ ಗೋವೆಯಲ್ಲಿ ಕಾಣಿಸಿಕೊಂಡಿತು. ೨೦೧೮-೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ೨೦೧೬ರಲ್ಲಿ ಅದು ನಮ್ಮ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗಕ್ಕೂ ಬಂದಿತು, ಅಲ್ಲಿನ ಗೋಡಂಬಿ ತೋಟಗಳ ಕೆಲಸದವರಿಗೆ ಹತ್ತಿತು. ಕಾಯಿಲೆಗೆ ಭಾಷಾವಾರು ಪ್ರಾಂತ ತಿಳಿಯದು.

ಮೊದಲು ಹೇಳುತ್ತೇವೆಂದ ಎರಡನೆಯ ಸಮಾಧಾನ ಇದು. ನಮ್ಮಲ್ಲಿ ಮಲೆನಾಡಿನವರು, ಉತ್ತರ ಕನ್ನಡದವರು, ಕರಾವಳಿಯವರು ಅನೇಕರಿದ್ದೇವೆ. ರಾಜ್ಯೋತ್ಸವ ಮುಗಿದೊಡನೆ ಒಬ್ಬೊಬ್ಬರಾಗಿ ಊರಿನ ದಾರಿ ಹಿಡಿಯುತ್ತೇವೆ. ಅಡಕೆ ಕೊಯ್ಲಿಗೆ, ಮಾಘದ ಮದುವೆಗೆ, ಜಾತ್ರೆಗೆ, ಮೇ ತಿಂಗಳ ರಜೆಗೆ. ಉಣುಗಿನ ರಾಜ್ಯಭಾರದ ತಿಂಗಳುಗಳು ಇವೇ. ಪುಣೆಯ ಮಕ್ಕಳಿಗೆ ಅಜ್ಜನ ಮನೆಯ ಬೆಟ್ಟ ಹತ್ತುವುದಕ್ಕಿಂತ ದೊಡ್ಡ ಸಂತೋಷವಿಲ್ಲ, ಅದನ್ನು ತಡೆಯಿರೆಂದು ನಾವು ಹೇಳುವುದಿಲ್ಲ. ತುಂಬುತೋಳಿನ ಅಂಗಿ ಹಾಕಿಸಿ, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ಕಳುಹಿಸಿ. ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿರೆಂದು ಹೇಳಿ. ಹಿಂದಿರುಗಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿಸಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂದು, ಕಿವಿಯ ಹಿಂದು, ತಲೆಗೂದಲು ಎಲ್ಲವನ್ನೂ ಬೆಳಕಿನಲ್ಲಿ ನೋಡಿ. ಎಳ್ಳುಕಾಳಿನಂಥ ಚುಕ್ಕೆ ಕಂಡರೆ ಚಿಮಟ ತೆಗೆದುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಜ್ವರ ಬರುವುದಾದರೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಬರುವುದು ವಾಡಿಕೆ. ಅಷ್ಟರಲ್ಲಿ ನಾವು ಪುಣೆಗೆ ಮರಳಿರುತ್ತೇವೆ. ಇಲ್ಲಿಯ ವೈದ್ಯರು ಮೈಕೈ ನೋವಿನ ಜ್ವರವನ್ನು ನೋಡಿ ಡೆಂಗಿಯೋ ಫ್ಲೂ ಜ್ವರವೋ ಎಂದು ಯೋಚಿಸುವುದು ಸಹಜ, ಅವರು ಸೊರಬವನ್ನು ಕಂಡವರಲ್ಲ. ನೂರು ರೋಗಿಗಳಲ್ಲಿ ಮೂವರಿಂದ ಐವರನ್ನು ಒಯ್ಯುವ ಈ ಕಾಯಿಲೆಗೆ ಇಂಥದೇ ಎಂಬ ಔಷಧವಿಲ್ಲ. ಮೈಯ ನೀರು ಆರದಂತೆ, ರಕ್ತ ಸ್ರವಿಸದಂತೆ ಆಸ್ಪತ್ರೆಯಲ್ಲಿ ಕಾಪಾಡುವುದೇ ಚಿಕಿತ್ಸೆ. ಮನೆಯಲ್ಲೇ ಆಸ್ಪಿರಿನ್ ನುಂಗಿ ರಕ್ತಸ್ರಾವವನ್ನು ಹೆಚ್ಚಿಸಿಕೊಳ್ಳಬಾರದು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮತ್ತೆ ಬಂದು ಮಿದುಳನ್ನು ಮುಟ್ಟುವುದೂ ಉಂಟು. ಆದ್ದರಿಂದ ವೈದ್ಯರು ಕೇಳಲಿ ಬಿಡಲಿ, ‘ಇಂಥ ತಾರೀಖಿನವರೆಗೆ ಮಲೆನಾಡಿನಲ್ಲಿದ್ದೆವು, ಕಾಡಿಗೆ ಹೋಗಿದ್ದೆವು, ಮೈಗೆ ಉಣುಗು ಹತ್ತಿತ್ತು’ ಎಂದು ನಾವಾಗಿಯೇ ಹೇಳಬೇಕು. ಉಣುಗು ಎಂದರೆ ಅವರಿಗೆ ತಿಳಿಯದಿದ್ದರೆ ಗೋಚೀಡ ಎನ್ನಬಹುದು. ಪರೀಕ್ಷೆಗೆ ರಕ್ತವನ್ನು ದೂರ ಕಳುಹಿಸಬೇಕಾಗಿಲ್ಲ, ಕ್ಯಾಸನೂರಿನ ಮಂಗದಲ್ಲಿ ೧೯೫೭ರಲ್ಲಿ ಅದನ್ನು ಮೊದಲು ಗುರುತಿಸಿದ ಸಂಸ್ಥೆ ಇದೇ ಊರಿನಲ್ಲಿದೆ.